ದೇವರಾಯನದುರ್ಗದ ಕಾಡು: ಮಳೆಯ ಕೊರತೆಯೋ, ಬೆಂಕಿಯೋ?

ತುಮಕೂರು ಬಳಿಯ ದೇವರಾಯನದುರ್ಗ ಬೆಟ್ಟದ ಇಳಿಜಾರುಗಳು ಬೋಳಾಗಲು ಮಳೆ ಕಾರಣವೋ ಮನುಷ್ಯರು ಕಾರಣವೋ, ನಿಮ್ಮ ತಂಡ ಸಸಿ ನೆಟ್ಟರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಎರಡು ಕಾರಣಗಳೂ ಒಂದರೊಳಗೊಂದು ಹೆಣೆದುಕೊಂಡಿವೆ.

ಬೇಸಿಗೆಯಲ್ಲಿ ಎಲೆ ಉದುರಿಸುವುದು ಈ ಕಾಡಿನ ಸ್ವಭಾವವಾದ್ದರಿಂದ ಬೋಳಾಗಿ ಕಂಡದ್ದೆಲ್ಲ ಸತ್ತಿರುವುದಿಲ್ಲ. ನಿಜವಾದ ಆತಂಕ ಎಳೆಯ ಗಿಡಗಳದು. ಅಲ್ಲಿನ ಜಾಲಾರಿ ಮರವನ್ನೇ ಗಮನಿಸಿ: ರೆಕ್ಕೆಯುಳ್ಳ ಅದರ ಬೀಜ ಮುಂಗಾರಿನ ಹೊತ್ತಿಗೆ ಉದುರುತ್ತದೆ, ರಾಗಿಯಂತೆ ವರ್ಷಗಟ್ಟಲೆ ಕಾಯುವ ಶಕ್ತಿ ಅದಕ್ಕಿಲ್ಲ, ಬೇಗನೆ ಹಸಿ ಮಣ್ಣು ಸಿಗದಿದ್ದರೆ ಮೊಳೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ತಾಪಮಾನ ಏರಿ, ಮಳೆ ಮಳೆಯ ನಡುವಿನ ಬಿಡುವು ಉದ್ದವಾದಾಗ, ಮೊಳೆತ ಸಸಿಯೂ ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಸೊರಗುತ್ತದೆ. ಅದರ ಮೇಲೆ ಬೆಂಕಿ. ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಅಥವಾ ಎಸೆದ ಬೀಡಿಯಿಂದ ಹೊತ್ತಿದ ಬೆಂಕಿಯಲ್ಲಿ ದೊಡ್ಡ ಮರ ಉಳಿದರೂ ಮೊಣಕಾಲೆತ್ತರದ ಸಸಿ ಉಳಿಯುವುದು ಕಷ್ಟ. ತೆರವಾದ ಜಾಗಕ್ಕೆ ಲಂಟಾನ ಎಂಬ ಕಳೆಪೊದೆ ನುಗ್ಗಿ ಮುಂದಿನ ಬೆಂಕಿಗೆ ಉರುವಲಾಗುತ್ತದೆ. ಜಯಮಂಗಲಿ ನದಿ ಹುಟ್ಟುವ ಈ ಬೆಟ್ಟದಲ್ಲಿ ಹೊದಿಕೆ ಕಳೆದುಕೊಂಡ ಮಣ್ಣು ಒಂದೇ ಜೋರು ಮಳೆಗೆ ಕೊಚ್ಚಿಹೋಗುವುದು ನನಗೆ ಅತ್ಯಂತ ನೋವಿನ ಸಂಗತಿ.

ಆದ್ದರಿಂದ ಗುಂಡಿ ತೋಡಿ ನೆಡುವುದಕ್ಕಿಂತ, ಅರಣ್ಯ ಇಲಾಖೆಯ ಅನುಮತಿ ಪಡೆದು, ಬೇಸಿಗೆಗೆ ಮುಂಚೆ ಬೆಂಕಿ ರೇಖೆ, ಅಂದರೆ ಬೆಂಕಿ ಹರಡದಂತೆ ಒಣಹುಲ್ಲು ತೆಗೆದ ಪಟ್ಟಿ, ಸವರಲು ಕೈಜೋಡಿಸಿ. ಜಾಲಾರಿ, ದಿಂಡಿಗ ಮರಗಳು ಕಡಿದ ಬುಡದಿಂದಲೇ ಚಿಗುರುತ್ತವೆ. ಆ ಚಿಗುರನ್ನು ಕೆಲವು ವರ್ಷ ದನ, ಮೇಕೆಗಳಿಂದ ಕಾಪಾಡಿದರೆ ಸಾಕು. ಪಕ್ಕದ ಜಮೀನಿನಲ್ಲೂ ನೀಲಗಿರಿ ಬೇಡ. ಅದನ್ನು ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ.