ದೊಡ್ಡ ಹರಿಕೇನ್ ಬರುತ್ತಿದೆ ಅಂತ ಗೊತ್ತಾದ ಮೇಲೆ ಅಲ್ಲಿರುವವರು ಹೇಗೆ ಕಾಯುತ್ತಾರೆ? ಊರಲ್ಲಿರುವ ನಾವು ಏನು ಮಾಡಬಹುದು?

ಅಕ್ಕನ ಸಂಸಾರ ಈ ವರ್ಷ ಫ್ಲೋರಿಡಾದ ಟ್ಯಾಂಪಾಕ್ಕೆ ಹೋಗಿದೆ, ಹರಿಕೇನ್ (ನಮ್ಮ ಕಡೆ ಚಂಡಮಾರುತ ಅನ್ನುತ್ತೇವಲ್ಲ, ಅದೇ) ಅನ್ನುವ ಪದ ಟಿವಿಯಲ್ಲಿ ಬಂದರೆ ಸಾಕು ದಾವಣಗೆರೆಯಲ್ಲಿ ಅಮ್ಮ ಊಟ ಬಿಡುತ್ತಾರೆ ಅಂತ ಬರೆದಿದ್ದೀರಿ. ನಾನು ಇರುವುದು ಟ್ಯಾಂಪಾದ ಉತ್ತರಕ್ಕೆ, ವೆಸ್ಲಿ ಚಾಪೆಲ್‌ನಲ್ಲಿ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಅನ್ನುವ ಹರಿಕೇನ್ ಬಂದಾಗ ಅರಸೀಕೆರೆಯಿಂದ ಬಂದಿದ್ದ ನನ್ನ ಅಮ್ಮ ನಮ್ಮ ಮನೆಯಲ್ಲೇ ಇದ್ದರು. ಹಾಗಾಗಿ ಎರಡೂ ಕಡೆಯ ಭಯ ನನಗೆ ಗೊತ್ತು. ನಡೆದದ್ದನ್ನೇ ಹೇಳುತ್ತೇನೆ.

ಮೊದಲು ಒಂದು ಮಾತು. ನಿಮ್ಮ ಅಕ್ಕನನ್ನು "ಎಷ್ಟು ದೊಡ್ಡ ಹರಿಕೇನ್?" ಅಂತ ಕೇಳಬೇಡಿ. "ನಿಮ್ಮ ಮನೆ ಯಾವ ಝೋನ್‌ನಲ್ಲಿದೆ?" ಅಂತ ಕೇಳಿ. ಇಲ್ಲಿ ಪ್ರತಿ ಕೌಂಟಿಯೂ (ನಮ್ಮ ಜಿಲ್ಲೆಯಂಥದ್ದು) ಸಮುದ್ರದ ನೀರು ಎಲ್ಲೆಲ್ಲಿ ನುಗ್ಗಬಹುದು ಅಂತ ಲೆಕ್ಕ ಹಾಕಿ ಎ, ಬಿ, ಸಿ ಅಂತ ಝೋನ್ ಮಾಡಿದೆ. ಎ ಅಂದರೆ ಎಲ್ಲರಿಗಿಂತ ಮೊದಲು ಮನೆ ಖಾಲಿ ಮಾಡಬೇಕಾದವರು. ಟಿವಿಯವರು ಹೇಳುವ ಕ್ಯಾಟಗರಿ 3, 4, 5 ಬರೀ ಗಾಳಿಯ ವೇಗದ ಲೆಕ್ಕ, 5 ಅಂದರೆ ಎಲ್ಲಕ್ಕಿಂತ ಜೋರು. ಜೀವ ಜಾಸ್ತಿ ತೆಗೆಯುವುದು ನೀರು. ಗಾಳಿಯಿಂದ ಅಡಗಿಕೋ, ನೀರಿನಿಂದ ಓಡು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮ ಮನೆ ಯಾವ ಝೋನ್‌ಗೂ ಸೇರಿಲ್ಲ. ಅದಕ್ಕೇ ನಾವು ಉಳಿದೆವು.

ನಮ್ಮ ಸ್ನೇಹಿತರ ಮನೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ನೀರಿನ ಪಕ್ಕ. ಮಿಲ್ಟನ್‌ಗೆ 13 ದಿನ ಮೊದಲು, ಸೆಪ್ಟೆಂಬರ್ 26ರಂದು ಹೆಲೀನ್ ಅನ್ನುವ ಇನ್ನೊಂದು ಹರಿಕೇನ್ ಬಂದಿತ್ತು. ಅದು ನಮ್ಮ ಕರಾವಳಿಗೆ ಬಡಿಯಲೇ ಇಲ್ಲ, ದೂರದ ಸಮುದ್ರದಲ್ಲಿ ಉತ್ತರಕ್ಕೆ ಹಾದುಹೋಯಿತು. ಆದರೂ ಆರೇಳು ಅಡಿ ನೀರು ಏರಿ ಬಂತು. ಸ್ನೇಹಿತರ ಮನೆಯೊಳಗೆ ಮೊಣಕಾಲು ಮುಳುಗುವಷ್ಟು. ಸೋಫಾ, ಹಾಸಿಗೆ, ಫ್ರಿಜ್ ಎಲ್ಲ ತಂದು ರಸ್ತೆಬದಿ ಗುಡ್ಡೆ ಹಾಕಿದ್ದರು. ಆ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಅದೇ ಗುಡ್ಡೆ. ಲಾರಿಗಳು ಹಗಲು ರಾತ್ರಿ ಎತ್ತಿದರೂ ಮುಗಿದಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಬರುತ್ತಿದೆ ಅಂದರೆ ಹೇಗಿರಬೇಡ? ಅದೇ ಹೆಲೀನ್ ಮುಂದೆ ಹೋಗಿ ನಾರ್ತ್ ಕ್ಯಾರೊಲೈನಾದ ಗುಡ್ಡಗಾಡಿನಲ್ಲಿ, ಆಶ್‌ವಿಲ್ ಸುತ್ತ ಊರುಗಳನ್ನೇ ಕೊಚ್ಚಿಹಾಕಿತ್ತು. ಒಟ್ಟು 200ಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿ ಬಹಳ ಜನ ಸಮುದ್ರವೇ ಕಾಣದ ಊರಿನವರು.

ಮಿಲ್ಟನ್‌ಗೆ ಹೆಸರು ಬಿದ್ದದ್ದು ಅಕ್ಟೋಬರ್ 5, ಶನಿವಾರ. ಭಾನುವಾರ ಮಧ್ಯಾಹ್ನ ಅದಿನ್ನೂ ಕ್ಯಾಟಗರಿ 1. ಸೋಮವಾರ ಮಧ್ಯಾಹ್ನದ ಹೊತ್ತಿಗೆ 5! ಮೆಕ್ಸಿಕೋ ಕೊಲ್ಲಿಯ ನೀರು ಅಷ್ಟು ಬಿಸಿ ಇತ್ತು. ಗಾಳಿ ಗಂಟೆಗೆ 290 ಕಿ.ಮೀ. ಮುಟ್ಟಿತು. ಮಯಾಮಿಯ ಟಿವಿಯಲ್ಲಿ ಜಾನ್ ಮೊರಾಲೆಸ್ ಅನ್ನುವ ಹಿರಿಯ ಹವಾಮಾನ ತಜ್ಞರು ಅದರ ಒತ್ತಡ ಎಷ್ಟು ಇಳಿದಿದೆ (ಇಳಿದಷ್ಟೂ ಹರಿಕೇನ್ ಜೋರು) ಅಂತ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ನಾನು ಒಗ್ಗರಣೆ ಹಾಕುತ್ತಿದ್ದೆ. ಒಲೆ ಆರಿಸಿ ಕೂತೆ. ದಶಕಗಳಿಂದ ಇದನ್ನೇ ನೋಡಿದ ಮನುಷ್ಯನಿಗೇ ತಡೆಯಲಾಗಲಿಲ್ಲ ಅಂದರೆ ನಮ್ಮ ಗತಿ ಏನು ಅನ್ನಿಸಿತು. ಟ್ಯಾಂಪಾಕ್ಕೆ ನೇರವಾಗಿ ದೊಡ್ಡ ಹರಿಕೇನ್ ಬಡಿದದ್ದು 1921ರಲ್ಲಿ. ನೂರು ವರ್ಷ ತಪ್ಪಿಸಿಕೊಂಡ ಊರು ಇದು.

ಮಂಗಳವಾರ ಸ್ನೇಹಿತರು ಎರಡು ಮಕ್ಕಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಕಾರಿನ ಡಿಕ್ಕಿಯಲ್ಲಿ ಪಾಸ್‌ಪೋರ್ಟ್ ಫೈಲು, ಒಂದು ಮಿಕ್ಸಿ, ದೇವರ ಪೆಟ್ಟಿಗೆ. ಉತ್ತರಕ್ಕೆ ಹೋಗುವ ರಸ್ತೆಯ ತುಂಬ ಕಾರುಗಳು. ಬಂಕ್‌ಗಳಲ್ಲಿ ಪೆಟ್ರೋಲ್ ಖಾಲಿ, ಪಂಪಿನ ಮೂತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ನವರಾತ್ರಿ ಬೇರೆ. ಅಮ್ಮ ಬೆಳಿಗ್ಗೆ ದೀಪ ಹಚ್ಚಿದವರು ಚಪಾತಿ ಒತ್ತಲು ನಿಂತರು. ಕರೆಂಟು ಹೋದ ಮೇಲೂ ಕೆಡದ ಹಾಗೆ ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ. ನಾನು ಬಾತ್‌ಟಬ್ಬಿಗೆ ನೀರು ತುಂಬಿಸಿದೆ. ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಮಂಜು ಮಾಡಿ ಮೇಲೆ ಒಂದು ನಾಣ್ಯ ಇಟ್ಟೆ. ಆಮೇಲೆ ನಾಣ್ಯ ಲೋಟದ ತಳದಲ್ಲಿ ಕಂಡರೆ ಮಂಜು ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಒಳಗಿನ ಊಟ ತಿನ್ನಬಾರದು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಕಾಯುವುದು ಅಂದರೆ ಇದೇ. ಕೈಗೆ ಕೆಲಸ ಇರುವ ತನಕ ಭಯ ಅಷ್ಟು ಗೊತ್ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಆಕಾಶ ನೋಡುತ್ತಾ ಕೂರುವುದು. ಅಮ್ಮ ಹಿತ್ತಲಿಗೆ ಹೋಗಿ ಮರಗಳನ್ನು ಒಂದೊಂದಾಗಿ ನೋಡಿ ಬಂದರು. ತೆಂಗಿನ ತೋಟದಲ್ಲಿ ಬದುಕಿದವರು ಅವರು. "ಈ ತೆಂಗಿನ ಜಾತಿಯವು ಬಾಗಿ ಏಳ್ತವೆ, ಬಿಡು. ಆ ದಪ್ಪ ಮರದ ಬುಡ ನೋಡು, ಮಣ್ಣೆಲ್ಲಾ ನೆಂದು ಮೆತ್ತಗಾಗಿದೆ," ಅಂದರು. ಪಕ್ಕದ ಮನೆಯ ಓಕ್ ಮರ ಅದು. ಮಕ್ಕಳ ಹಾಸಿಗೆಯನ್ನು ಆ ಕಡೆಯ ರೂಮಿನಿಂದ ತೆಗೆದು ಕಿಟಕಿಯೇ ಇಲ್ಲದ ಬಟ್ಟೆ ಕೋಣೆಯಲ್ಲಿ ಹಾಕಿದೆವು.

ಈಗ ನಿಮ್ಮ ಎರಡನೇ ಪ್ರಶ್ನೆ. ಆ ಎರಡು ದಿನ ನಮಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ಎಲ್ಲರದೂ ಪ್ರೀತಿಯೇ. ಆದರೆ ಚಿಕ್ಕಮ್ಮ ಅತ್ತರೆ ಇಲ್ಲಿ ಅಮ್ಮನೂ ಅಳುತ್ತಿದ್ದರು, ಅದನ್ನು ನೋಡಿ ಮಕ್ಕಳು. ಕೊನೆಗೆ ಅರಸೀಕೆರೆಯಲ್ಲಿರುವ ತಮ್ಮನಿಗೆ ಹೇಳಿದೆ: ನಾನು ನಿನಗೊಬ್ಬನಿಗೇ ಸುದ್ದಿ ಕೊಡುತ್ತೇನೆ, ಉಳಿದವರಿಗೆಲ್ಲ ನೀನು ಹೇಳು. ನಿಮ್ಮ ಮನೆಯಲ್ಲೂ ಹಾಗೆ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಅದು ನೀವೇ ಆಗಿ. ಇನ್ನೊಂದು, ಗಾಳಿ ಜೋರಾದ ಮೇಲೆ ಟವರ್ ಹೋಗುತ್ತದೆ. ವಾಟ್ಸಾಪ್ ಕರೆ ಸಿಗದಿದ್ದಾಗಲೂ ಸಾದಾ ಮೆಸೇಜ್ ಎಷ್ಟೋ ಸಲ ಹೋಗುತ್ತದೆ. "ಸುದ್ದಿ ಬರಲಿಲ್ಲ ಅಂದರೆ ಫೋನ್ ಸತ್ತಿದೆ ಅಷ್ಟೇ" ಅಂತ ಅಮ್ಮನಿಗೆ ಮೊದಲೇ ನಾಲ್ಕು ಸಲ ಹೇಳಿಡಿ.

ಟಿವಿ ಆಫ್ ಮಾಡಿ. ನಿಜವಾಗಿ ಹೇಳುತ್ತಿದ್ದೇನೆ. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು ಆರು ಗಂಟೆಗೊಮ್ಮೆ ಪೂರ್ತಿ ವರದಿ ಕೊಡುತ್ತಾರೆ. ಹರಿಕೇನ್ ಕಾಲದಲ್ಲಿ ಭಾರತದ ಗಡಿಯಾರಕ್ಕೆ ಅದು ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30, ನಡುರಾತ್ರಿ 2.30. ಹಗಲಿನ ಮೂರು ನೋಡಿ ಸಾಕು, ನಡುರಾತ್ರಿಯದಕ್ಕೆ ಏಳಬೇಡಿ. ಮ್ಯಾಪಿನಲ್ಲಿ ಬಿಳಿ ಕೊಳವೆಯ ಹಾಗೆ ಕಾಣುವುದು ಬಿರುಗಾಳಿಯ ಗಾತ್ರ ಅಲ್ಲ. ಅದರ ಕೇಂದ್ರ ಎಲ್ಲೆಲ್ಲಿ ಹೋಗಬಹುದು ಅನ್ನುವ ಅಂದಾಜು. ಮೂರರಲ್ಲಿ ಎರಡು ಸಲ ಕೇಂದ್ರ ಅದರೊಳಗೇ ಇರುತ್ತದೆ. ಮಳೆ, ಗಾಳಿ, ನೀರು ಅದರ ಹೊರಗೂ ಹೋಗುತ್ತವೆ. ಹೆಲೀನ್‌ನಲ್ಲಿ ಆದದ್ದು ಅದೇ.

ಬುಧವಾರ ರಾತ್ರಿ 8.30ರ ಹೊತ್ತಿಗೆ ಮಿಲ್ಟನ್ ಸಾರಾಸೋಟಾ ಪಕ್ಕದ ಸಿಯೆಸ್ಟಾ ಕೀ ಅನ್ನುವಲ್ಲಿ ದಡಕ್ಕೆ ಬಂತು. ಆಗ ಅದು ಕ್ಯಾಟಗರಿ 3ಕ್ಕೆ ಇಳಿದಿತ್ತು. ನಮ್ಮಿಂದ ನೂರು ಕಿ.ಮೀ.ಗೂ ಜಾಸ್ತಿ ದಕ್ಷಿಣಕ್ಕೆ. ಇದರಲ್ಲೊಂದು ವಿಷಯ ಇದೆ. ಇಲ್ಲಿ ಹರಿಕೇನ್ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಕೇಂದ್ರ ಟ್ಯಾಂಪಾ ಕೊಲ್ಲಿಯ ಉತ್ತರಕ್ಕೆ ಬಂದರೆ ಸಮುದ್ರವನ್ನು ಒಳಗೆ ತಳ್ಳುತ್ತದೆ, ದಕ್ಷಿಣಕ್ಕೆ ಬಂದರೆ ಕೊಲ್ಲಿಯ ನೀರನ್ನೇ ಹೊರಗೆ ಎಳೆಯುತ್ತದೆ. ಹತ್ತು ಹದಿನೈದು ಅಡಿ ನೀರು ಬರುತ್ತದೆ ಅಂತ ಹೆದರಿದ್ದ ಕೊಲ್ಲಿಯಲ್ಲಿ ಆ ರಾತ್ರಿ ನೀರು ಹಿಂದೆ ಸರಿಯಿತು.

"ಅಬ್ಬಾ, ನಮಗೆ ತಪ್ಪಿತು," ಅಂದೆ ನಾನು. ಸ್ನೇಹಿತೆ ಮುಖ ಮುಚ್ಚಿಕೊಂಡು ಕೂತಳು. ಅಮ್ಮ ಟಿವಿಯಲ್ಲಿ ಆ ಕೆಂಪು ಚುಕ್ಕೆ ನೋಡುತ್ತಾ ಕೇಳಿದರು: "ಅಲ್ಲೂ ಜನ ಇದಾರಲ್ವಾ?"

ಇದ್ದರು. ಅಲ್ಲಷ್ಟೇ ಅಲ್ಲ. ಅದೇ ಸಂಜೆ, ಹರಿಕೇನ್ ದಡಕ್ಕೆ ಬರುವ ಮೊದಲೇ, ರಾಜ್ಯದ ಇನ್ನೊಂದು ಕಡೆ, ಅಟ್ಲಾಂಟಿಕ್ ಕರಾವಳಿಯಲ್ಲಿ ಸುಂಟರಗಾಳಿಗಳು ಎದ್ದಿದ್ದವು. ಸೇಂಟ್ ಲೂಸಿ ಕೌಂಟಿಯ ಸ್ಪ್ಯಾನಿಷ್ ಲೇಕ್ಸ್ ಅನ್ನುವ ಬಡಾವಣೆಯಲ್ಲಿ ಆರು ಜನ ಹೋದರು. ವಯಸ್ಸಾದವರು ತೆಳು ಗೋಡೆಯ ಮನೆಗಳಲ್ಲಿ ಇರುವ ಜಾಗ ಅದು. ನಾವೆಲ್ಲ ನಾಲ್ಕು ದಿನದಿಂದ ಪಶ್ಚಿಮದ ಸಮುದ್ರ ನೋಡುತ್ತಾ ಹೆದರಿದ್ದೆವು. ಅವರ ಕಡೆ ನನ್ನ ಮನಸ್ಸು ಒಂದು ಸಲವೂ ಹೋಗಿರಲಿಲ್ಲ. ಆ ಸುದ್ದಿ ಓದಿದಾಗಿನಿಂದ "ತಪ್ಪಿತು" ಅನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಫ್ರಿಜ್ಜಿನ ಸದ್ದು ನಿಂತಿತು. ಹೊರಗೆ ಟ್ರಾನ್ಸ್‌ಫಾರ್ಮರ್ ಒಡೆದು ಆಕಾಶ ಹಸಿರಾಗಿ ಬೆಳಗಿ ಆರಿತು. ಗಾಳಿ ಬಾಗಿಲ ಸಂದಿಯಲ್ಲಿ ಒಂದೇ ಸಮ ಊಳಿಡುತ್ತಿತ್ತು. ಎರಡು ಗಂಟೆಗೆ ನೆಲ ಅದುರಿದ ಹಾಗೆ ಒಂದು ಶಬ್ದ. ಬೆಳಿಗ್ಗೆ ನೋಡಿದರೆ ಅದೇ ಓಕ್ ಮರ, ಬುಡಸಮೇತ ಎದ್ದು ರಸ್ತೆಗೆ ಅಡ್ಡ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಫ್ಲೋರಿಡಾದಲ್ಲಿ 30 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟು ಇರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚು ಮಳೆ ಸುರಿದಿತ್ತು. ಅಲ್ಲಿನ ಬೇಸ್‌ಬಾಲ್ ಸ್ಟೇಡಿಯಂನ ಚಾವಣಿ ಚಿಂದಿಯಾಗಿತ್ತು. ತಮ್ಮನಿಗೆ ನಾನು ಕಳಿಸಿದ್ದ "ಎಲ್ಲ ಕ್ಷೇಮ" ಅವನಿಗೆ ಮುಟ್ಟಿದ್ದು ಒಂಬತ್ತು ಗಂಟೆ ತಡವಾಗಿ. ಅಷ್ಟು ಹೊತ್ತು ಮನೆಯವರನ್ನೆಲ್ಲ ಅವನೊಬ್ಬನೇ ಸಮಾಧಾನ ಮಾಡಿದ್ದ.

ಗಾಳಿ ನಿಂತ ಮೇಲೆ ಅಕ್ಕನಿಗೆ ಎರಡು ಮಾತು ನೆನಪಿಸಿ. ಜನರೇಟರ್ ಇದ್ದರೆ ಮನೆಯೊಳಗೆ, ಗ್ಯಾರೇಜ್‌ನಲ್ಲಿ ಓಡಿಸಬಾರದು, ಅದರ ಹೊಗೆ ವಾಸನೆಯೇ ಬಾರದೆ ಕೊಲ್ಲುತ್ತದೆ. ನಿಂತ ನೀರಿಗೆ ಕಾಲಿಡಬಾರದು, ವೈರ್ ಬಿದ್ದಿರಬಹುದು. ನದಿಗಳು ಎರಡು ಮೂರು ದಿನ ಬಿಟ್ಟು ಉಕ್ಕುತ್ತವೆ. ಮಿಲ್ಟನ್ ಆದ ಮೇಲೆ ಇಲ್ಲಿನ ಅಲಾಫಿಯಾ ನದಿ ಉಕ್ಕಿದ್ದೂ ಹಾಗೇ, ಬಿಸಿಲು ಬಂದ ಮೇಲೆ.

ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಅಕ್ಕ ಹೊಸಬರು, ಝೋನ್ ಗೊತ್ತಿಲ್ಲದೇ ಇರಬಹುದು. ಅವರು ಇರುವ ಕೌಂಟಿಯ ಸೈಟಿನಲ್ಲಿ ವಿಳಾಸ ಹಾಕಿದರೆ ತಕ್ಷಣ ತೋರಿಸುತ್ತದೆ. ಇವತ್ತೇ ಫೋನ್ ಮಾಡಿ ನೋಡಿಸಿ. ಎ ಅಥವಾ ಬಿ ಅಂತ ಬಂದರೆ, ಎಲ್ಲಿಗೆ ಹೋಗುವುದು ಅಂತ ಈಗಲೇ ಯೋಚಿಸಲಿ. ಯಾರೂ ಇಲ್ಲ ಅಂದರೆ ಈ ಉತ್ತರದ ಕೆಳಗೆ ಒಂದು ಸಾಲು ಬರೆಯಿರಿ, ನಮ್ಮ ಮನೆ ಇದೆ. ಬಟ್ಟೆ ಕೋಣೆಯಲ್ಲಿ ಇನ್ನೂ ನಾಲ್ಕು ಜನರಿಗೆ ಹಾಸಿಗೆ ಹಿಡಿಯುತ್ತದೆ.