ಬರದಲ್ಲಿ ಚದುರಿದ ಅಣ್ಣತಮ್ಮಂದಿರನ್ನು ಹುಡುಕುವುದು ಹೇಗೆ: ಹುನಗುಂದದ ಅಣ್ಣಾರ ಪ್ರಶ್ನೆಗೆ ಉತ್ತರ

ಅಣ್ಣಾರೇ, ನಿಮ್ಮ ಪ್ರಶ್ನೆ ಓದಿದೆ. ಹುನಗುಂದ ತಾಲೂಕಿನ ಒಕ್ಕಲುತನದ ಮನೆ. ಮೂವರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ದೊಡ್ಡ ಬರದಲ್ಲಿ ನಿಮ್ಮ ಮುತ್ತಜ್ಜ ಹೊಲ ಹಿಡಿದು ಊರಲ್ಲೇ ಉಳಿದರು. ಒಬ್ಬರು ಮುಧೋಳದ ಕಡೆ ಹೋದರು, ಇನ್ನೊಬ್ಬರು ಸೊಲ್ಲಾಪುರಕ್ಕೆ. ತಂಗಿ ಎಲ್ಲಿಗೆ ಸೇರಿದಳೋ ಸುದ್ದಿಯಿಲ್ಲ. ಅಡ್ಡಹೆಸರು ಹಿಡಿದು ಫೇಸ್‌ಬುಕ್ಕಿನಲ್ಲಿ ಹುಡುಕಿದರೂ ಯಾರೂ ಸಿಗಲಿಲ್ಲ ಎಂದು ಬರೆದಿದ್ದೀರಿ.

ಮೊದಲು ಅಡ್ಡಹೆಸರು ಬಿಟ್ಟುಬಿಡಿ. ನಮ್ಮ ಕಡೆ ವಲಸೆ ಬಂದವರನ್ನು ಹೊಸ ಊರಿನವರು ಅವರ ಹಳೆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಬೀಳಗಿಯಿಂದ ಬಂದವರು ಬೀಳಗಿ, ಬಾದಾಮಿಯಿಂದ ಬಂದವರು ಬಾದಾಮಿ. ಊರಲ್ಲೇ ಉಳಿದವನಿಗೆ ಆ ಹೆಸರು ಬರುವುದೇ ಇಲ್ಲ, ಅಲ್ವಾ? ಅವನು ಮನೆತನದ ಹಳೆ ಹೆಸರಲ್ಲೇ ಇರುತ್ತಾನೆ. ಹೀಗೆ ಒಂದೇ ತಾಯಿಯ ಮಕ್ಕಳು ಮೂರು ಅಡ್ಡಹೆಸರಲ್ಲಿ ಸಿಗಬಹುದು. ನಿಮ್ಮ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ಮುಧೋಳದ ಕಡೆ ಇದ್ದಾರಾ ಎಂದು ಕೇಳಿ ನೋಡಿ. ಊರು ಬಿಟ್ಟರೂ ಸುಲಭಕ್ಕೆ ಬದಲಾಗದವು ಮೂರು: ಬೆಡಗು (ಒಂದೇ ಮೂಲದ ಮನೆಗಳ ಕುಲದ ಹೆಸರು), ಮನೆದೇವರು, ಮತ್ತು ವಂಶಾವಳಿ ಹೇಳುವ ಹೆಳವರು.

ಹೆಳವರಿಂದಲೇ ಶುರುಮಾಡಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು ವಂಶಾವಳಿ ಹೇಳಿ, ಜೋಳ, ಬಟ್ಟೆ ಪಡೆದು ಹೋಗುತ್ತಾರಲ್ಲ, ಅವರೇ. ಯಾವ ಹೆಳವರ ಮನೆಗೆ ಯಾವ ಊರು, ಯಾವ ಒಕ್ಕಲು ಎಂಬುದು ಅಪ್ಪನಿಂದ ಮಗನಿಗೆ ಬರುತ್ತದೆ. ಒಕ್ಕಲು ಬೇರೆ ಊರಿಗೆ ಹೋದರೆ ಹೆಳವರು ಅಲ್ಲಿಗೂ ಹುಡುಕಿಕೊಂಡು ಹೋಗುತ್ತಾರೆ, ಏಕೆಂದರೆ ಒಡೆದ ಪ್ರತಿ ಮನೆಯಿಂದಲೂ ಅವರಿಗೆ ಕಾಣಿಕೆ ಬರಬೇಕು. ಚದುರಿದ ಕವಲುಗಳ ಲೆಕ್ಕ ನಮಗಿಂತ ಅವರ ಹತ್ತಿರ ಚೆನ್ನಾಗಿರುವುದು ಅದಕ್ಕೇ. ನಮ್ಮ ಮನೆತನದಲ್ಲಿ ದತ್ತಕ ಹೋದ ಒಬ್ಬ ಅಜ್ಜನ ಮನೆ ಸಿಕ್ಕಿದ್ದು ಹೆಳವರ ಪುಸ್ತಕದಿಂದಲೇ. ಸರಕಾರಿ ಕಾಗದದಲ್ಲಿ ಅವರ ತಂದೆಯ ಹೆಸರೇ ಬೇರೆ ಆಗಿತ್ತು.

ಹೆಳವರು ಬಂದಾಗ ನಿಮ್ಮ ಕವಲನ್ನು ಮಾತ್ರ ಓದಿಸಿ ಕಳಿಸಬೇಡಿ. ಮುತ್ತಜ್ಜನ ಅಪ್ಪನಿಂದ ಹಿಡಿದು ಎಲ್ಲ ಕವಲೂ ಓದಿಸಿ. ಅನುಮತಿ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಪುಸ್ತಕದ ಫೋಟೊ ಕೇಳುವ ಮುಂಚೆ ಕಾಣಿಕೆ ಕೊಡಿ, ಅದು ಅವರ ಬದುಕು. ಅವರ ಹುಡುಗರು ಈಗ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮುಂದಿನ ವರ್ಷ ನೋಡೋಣ ಎಂದು ದಯವಿಟ್ಟು ಮುಂದೂಡಬೇಡಿ. ನಿಮ್ಮ ಮನೆಗೆ ಬರುವುದು ನಿಂತಿದ್ದರೆ, ಅದೇ ಬೆಡಗಿನ ಬೇರೆ ಮನೆಗೆ ಯಾರು ಬರುತ್ತಾರೆ ಎಂದು ವಿಚಾರಿಸಿ.

ಇನ್ನು ಹೊಲದ ಕಾಗದ. ಹತ್ತೊಂಬತ್ತನೆಯ ಶತಮಾನದ ಸರ್ವೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಖಾತೆದಾರನ ಹೆಸರಷ್ಟೇ ಇರುತ್ತದೆ. ಕೂಡು ಮನೆಯಾದರೆ ಅದು ಹಿರಿಯನದು. ತಮ್ಮಂದಿರ ಹೆಸರು ಇಲ್ಲ ಎಂದ ಮಾತ್ರಕ್ಕೆ ಅವರು ಇರಲಿಲ್ಲ ಎಂದಲ್ಲ. ಮುಂಬಯಿ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅದರ ನಂತರದ ವಾರಸಾ (ವಾರಸುದಾರರ ಹೆಸರು ಏರಿಸಿದ) ಮತ್ತು ವಾಟ್ನಿ (ಪಾಲು ಮಾಡಿದ) ಡೈರಿಗಳೇ, ಅಂದರೆ ಖಾತೆ ಬದಲಾದ ನಮೂದುಗಳೇ ನಿಮಗೆ ಬೇಕಾದದ್ದು. ಊರು ಬಿಟ್ಟವರ ಪಾಲು ಕೂಡು ಖಾತೆಯಲ್ಲಿ ಉಳಿದಿದ್ದರೆ, ಹಿರಿಯ ತೀರಿಕೊಂಡಾಗ ಅವರ ಅಥವಾ ಅವರ ಮಕ್ಕಳ ಹೆಸರು ಬರುವ ಸಾಧ್ಯತೆ ಇದೆ. ಹೆಸರಿನ ಮುಂದೆ ‘ಸಾ॥’ ಎಂದು ಬರೆದು ವಾಸದ ಊರು ಹಾಕಿದ್ದರೆ ಅರ್ಧ ಕೆಲಸ ಮುಗಿದಂತೆ. ಇಂದಿನ ಉತಾರ (ಪಹಣಿ) ತೆಗೆದುಕೊಳ್ಳಿ. ಅದರಲ್ಲಿರುವ ಸರ್ವೆ ನಂಬರಿನ ಹಳೆ ಡೈರಿ ನಂಬರುಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದು ಹೋಗಿ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಕೊಡಬಹುದು. ತುಂಬ ಹಳೆಯವು ಮೋಡಿ ಎಂಬ ಹಳೆ ಕೂಡುಬರಹದ ಲಿಪಿಯಲ್ಲಿ ಇರಬಹುದು, ಓದುವವರು ಬೆಳಗಾವಿ, ಕೊಲ್ಲಾಪುರದ ಕಡೆ ಈಗಲೂ ಇದ್ದಾರೆ.

ಹಳೆ ಕಾಗದದಲ್ಲಿ ಜಿಲ್ಲೆಯ ಹೆಸರು ನೋಡಿ ಗಾಬರಿ ಬೇಡ. ಆ ಬರದ ಕಾಲಕ್ಕೆ ನಿಮ್ಮ ಊರು ಕಲಾದಗಿ ಜಿಲ್ಲೆಯಲ್ಲಿತ್ತು. 1885ರಲ್ಲಿ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಹೋಯಿತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮುಧೋಳ ಮಾತ್ರ ಬ್ರಿಟಿಷರ ತಾಲೂಕಲ್ಲ, ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ವಿಲೀನವಾಗುವವರೆಗೆ ಅಲ್ಲಿನ ಕಂದಾಯದ ಲೆಕ್ಕವೇ ಬೇರೆ. ಹುನಗುಂದದ ದಫ್ತರದಲ್ಲಿ ಮುಧೋಳದ ಅಜ್ಜನ ಹೊಲ ಹುಡುಕಿದರೆ ಸಿಗುವುದಿಲ್ಲ. ಗಡಿ ದಾಟಿ ಮೊಗಲಾಯಿಗೆ ಹೋದವರ ಕಾಗದವೂ ಹಾಗೆಯೇ, ಅದು ನಿಜಾಮರ ಸೀಮೆ, ಕಾಗದ ಪಾರ್ಸಿ ಅಥವಾ ಉರ್ದುವಿನಲ್ಲಿರಬಹುದು.

ಅಜ್ಜಿಯ ಮಾತಿಗೆ ಇಸವಿ ಕೂಡಿಸಿ ನೋಡಿ. ದೊಡ್ಡ ಬರ 1876ರಿಂದ 78ರದ್ದು. 1872ರಲ್ಲಿ ಎಂಟು ಲಕ್ಷ ದಾಟಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಆರು ಲಕ್ಷ ಚಿಲ್ಲರೆಗೆ ಇಳಿದಿತ್ತು. ಸತ್ತವರೂ ಇದ್ದರು, ಗುಳೆ ಹೋದವರೂ ಇದ್ದರು. ಕಾಗದದಲ್ಲಿ ಧಾತು ಸಂವತ್ಸರ ಅಥವಾ ಶಕ 1798 ಎಂದು ಕಂಡರೆ ಅದೇ 1876. ಶಕಕ್ಕೆ 78 ಕೂಡಿಸಿ. ಸೊಲ್ಲಾಪುರದಲ್ಲಿ ಮೊದಲ ಹತ್ತಿ ಗಿರಣಿ ಶುರುವಾದದ್ದು ಅದೇ ಕಾಲದಲ್ಲಿ, 1877ರಲ್ಲಿ. ಆದರೆ ಬಿಜಾಪುರ, ಬಾಗಲಕೋಟೆ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಗೆ ರೈಲು ಓಡಿದ್ದು 1884ರ ಸುಮಾರಿಗೆ. ಅಜ್ಜ ಬಾಗಲಕೋಟೆಯಲ್ಲಿ ರೈಲು ಹತ್ತಿ ಹೋದ ಎಂಬ ಕತೆ ಮನೆಯಲ್ಲಿದ್ದರೆ, ಅವನು ಹೋದದ್ದು ಬರ ಮುಗಿದ ಮೇಲೆ.

ತಂಗಿಯ ಹುಡುಕಾಟ ಕಷ್ಟ, ಆದರೆ ಅದನ್ನು ಬಿಡಬಾರದು. ಹೊಲದ ಕಾಗದದಲ್ಲಿ ಆ ಕಾಲದ ಹೆಣ್ಣುಮಕ್ಕಳ ಹೆಸರು ಬರುವುದು ಅಪರೂಪ. ಬೀಗತನದ ದಾರಿ ಹಿಡಿಯಿರಿ. ನಮ್ಮಲ್ಲಿ ಅಕ್ಕತಂಗಿಯರ ಮಗಳನ್ನು ತಂದುಕೊಳ್ಳುವ ರೂಢಿ ಇತ್ತು. ನಿಮ್ಮ ಅಜ್ಜನ ಹೆಂಡತಿ, ಅಜ್ಜನ ಅಣ್ಣತಮ್ಮಂದಿರ ಹೆಂಡತಿಯರು, ಇವರ ತವರೂರುಗಳನ್ನು ಬರೆದುಕೊಳ್ಳಿ. ಒಂದೇ ಊರು ಎರಡು ಸಲ ಬಂದರೆ ಮೊದಲು ಅಲ್ಲಿಗೆ ಹೋಗಿ. ಇದನ್ನು ಹೇಳಬಲ್ಲವರು ಮನೆಯ ಹಿರಿಯ ಹೆಣ್ಣುಮಕ್ಕಳು. ಪಂಚಮಿಗೆ ಎಲ್ಲರೂ ತವರಿಗೆ ಬಂದಾಗ ಒಟ್ಟಿಗೆ ಕೂರಿಸಿ ಕೇಳಿ, ಒಬ್ಬರ ಮಾತು ಇನ್ನೊಬ್ಬರಿಗೆ ನೆನಪು ತರುತ್ತದೆ.

ಒಂದು ಎಚ್ಚರಿಕೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಎರಡು ಊರಲ್ಲಿ ಒಂದೇ ಹೆಸರು ಕಂಡರೆ ಖುಷಿಯಾಗುತ್ತದೆ. ಆದರೆ ಬಸಪ್ಪ, ಮಲ್ಲಪ್ಪ ಎಲ್ಲ ಊರಲ್ಲೂ ಇದ್ದಾರೆ. ಹೆಸರು, ಬೆಡಗು, ಮನೆದೇವರು ಮೂರೂ ಕೂಡಿದರೆ ಮಾತ್ರ ಮುಂದುವರಿಯಿರಿ. ಹಳೆ ಶಾಲೆಯ ಜನರಲ್ ರಜಿಸ್ಟರೂ ನೋಡಿ, ತಂದೆಯ ಹೆಸರು, ಹುಟ್ಟಿದ ಊರು ಅದರಲ್ಲಿರುತ್ತದೆ. ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗಿದ್ದರೆ ಪರಿಹಾರದ ಕಡತದಲ್ಲಿ ವಾರಸುದಾರರ ವಂಶಾವಳಿ ಸಿಗಬಹುದು.

ನಿಮ್ಮ ಬೆಡಗು ಮತ್ತು ಮನೆದೇವರು ಯಾವುದೆಂದು ಇಲ್ಲೇ ಬರೆಯಿರಿ. ಊರ ಹೆಸರೂ ಹಾಕಿ. ಮುಧೋಳ, ಲೋಕಾಪುರದ ಕಡೆ ಕಬ್ಬು ಬೆಳೆಯುವ ಗೆಳೆಯರು ಈ ಗುಂಪಿನಲ್ಲೇ ಇದ್ದಾರೆ, ಅವರ ಊರಿಗೆ ಬರುವ ಹೆಳವರನ್ನು ವಿಚಾರಿಸಲು ನಾನೇ ಹೇಳುತ್ತೇನೆ.