ಓದುಗರ ಪ್ರಶ್ನೆ: ಕುಲುಮೆಗೆ ಎಂಎಸ್ ಸರಳನ್ನು ಕಡಿಮೆ ಖರ್ಚಿನಲ್ಲಿ ಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರು ನಡೆಸುತ್ತಿದ್ದ ಕುಲುಮೆ ಹನ್ನೆರಡು ವರ್ಷ ಮುಚ್ಚಿತ್ತು. ಕಳೆದ ವರ್ಷ ನಾನು ಅದನ್ನು ಮತ್ತೆ ಹೊತ್ತಿಸಿದ್ದೇನೆ. ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವವರು ಚಿಲಕ, ಕೊಂಡಿ, ಗೋಡೆಯ ಗೂಟ, ದೀಪ ತೂಗುಹಾಕುವ ಕೊಕ್ಕೆಗಳನ್ನು ಕೇಳಿಕೊಂಡು ಬರುತ್ತಿದ್ದಾರೆ. ಆದರೆ ಕಬ್ಬಿಣಕ್ಕೆ ಕೊಡುವ ದುಡ್ಡಿನಲ್ಲೇ ಲಾಭ ಕರಗಿಹೋಗುತ್ತಿದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಅಡಿಯ ತುಂಡಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಗುಜರಿಯಲ್ಲಿ ಕಾಂಕ್ರೀಟಿಗೆ ಹಾಕುವ ಟಿಎಂಟಿ ಸರಳಿನ ತುಂಡುಗಳು ಅಗ್ಗವಾಗಿ ಸಿಗುತ್ತವೆ. ಯಾವುದನ್ನು, ಎಲ್ಲಿ, ಹೇಗೆ ಕೊಳ್ಳಲಿ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಮುಚ್ಚಿದ ಕುಲುಮೆಯೊಂದು ಮತ್ತೆ ಹೊತ್ತಿಕೊಂಡಿತೆಂಬ ಸುದ್ದಿಯೇ ನನಗೆ ಬಹಳ ಸಂತೋಷ ಕೊಟ್ಟಿತು. ನಿಮ್ಮ ತೊಂದರೆಯ ಮೂಲ ಕಬ್ಬಿಣದ ಬೆಲೆಯಲ್ಲಿಲ್ಲ, ಕೊಳ್ಳುವ ಅಂಗಡಿಯಲ್ಲಿದೆ. ಹಾರ್ಡ್‌ವೇರ್ ಅಂಗಡಿಯವರು ತುಂಡು ಮಾಡಿ ಮಾರುವುದು ತುರ್ತಿಗೆ ಒಂದೆರಡು ಅಡಿ ಬೇಕಾದವರಿಗಾಗಿ. ಆ ಅನುಕೂಲದ ಬೆಲೆಯನ್ನು ದಿನವೂ ಬೆಂಕಿ ಹಚ್ಚುವವರು ಕೊಡಬೇಕಾಗಿಲ್ಲ. ಗ್ರಿಲ್ ಮತ್ತು ಶೆಡ್ ಮಾಡುವವರು ಮಾಲು ತರುವ ಕಬ್ಬಿಣದ ಅಂಗಡಿಗೆ ನೀವು ಹೋಗಬೇಕು. ಹಾಸನದಂತಹ ಜಿಲ್ಲಾ ಕೇಂದ್ರಗಳಲ್ಲಿ ಅಂತಹ ಅಂಗಡಿಗಳಿರುತ್ತವೆ. ಅಲ್ಲಿ 'ಎಂಎಸ್ ರೌಂಡ್', 'ಎಂಎಸ್ ಸ್ಕ್ವೇರ್', 'ಎಂಎಸ್ ಫ್ಲಾಟ್' ಎಂದೇ ಕೇಳಿ. ಎಂಎಸ್ ಎಂದರೆ ಮೈಲ್ಡ್ ಸ್ಟೀಲ್, ಇಂಗಾಲ ಕಡಿಮೆಯಿರುವ ಮೆದು ಉಕ್ಕು; ರೌಂಡ್ ಎಂದರೆ ದುಂಡು ಸರಳು, ಸ್ಕ್ವೇರ್ ಚೌಕ ಸರಳು, ಫ್ಲಾಟ್ ಪಟ್ಟಿ. ಸರಳು ಸಾಮಾನ್ಯವಾಗಿ 6 ಮೀಟರಿನದು, ಅಂದರೆ ಹೆಚ್ಚುಕಡಿಮೆ 20 ಅಡಿ ಉದ್ದದ್ದಾಗಿರುತ್ತದೆ, ಮತ್ತು ಮಾರಾಟ ಕಿಲೋ ಲೆಕ್ಕದಲ್ಲಿ ನಡೆಯುತ್ತದೆ. ದರ ಕೇಳುವಾಗ ಶೇ 18ರ ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಎರಡು ಅಂಗಡಿಗಳ ದರವನ್ನು ಹೋಲಿಸುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ.

ಅಂಗಡಿಗೆ ಹೋಗುವ ಮೊದಲು ತೂಕದ ಲೆಕ್ಕವನ್ನು ನೀವೇ ಕಲಿತುಕೊಳ್ಳಬೇಕು. ದುಂಡು ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಆ ಅಂಕಿಯನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿ.ಮೀ. ಸರಳಾದರೆ 144ನ್ನು 162ರಿಂದ ಭಾಗಿಸಿ, ಮೀಟರಿಗೆ 0.89 ಕಿಲೋ, 6 ಮೀಟರಿಗೆ 5.33 ಕಿಲೋ. ಚೌಕ ಸರಳು ಮತ್ತು ಪಟ್ಟಿಗಳಿಗೆ ಅಗಲವನ್ನು ದಪ್ಪದಿಂದ ಗುಣಿಸಿ, ಬಂದದ್ದನ್ನು 0.00785ರಿಂದ ಗುಣಿಸಿ. 12 ಮಿ.ಮೀ. ಚೌಕ ಮೀಟರಿಗೆ 1.13 ಕಿಲೋ, 25ಕ್ಕೆ 6ರ ಪಟ್ಟಿ 1.18 ಕಿಲೋ ತೂಗುತ್ತದೆ. ಲೆಕ್ಕಕ್ಕಾಗಿ ಕಿಲೋಗೆ 60 ರೂಪಾಯಿ ಎಂದು ಇಟ್ಟುಕೊಂಡರೆ, 12 ಮಿ.ಮೀ. ದುಂಡು ಸರಳೊಂದಕ್ಕೆ ತೆರಿಗೆ ಸೇರಿ ಸುಮಾರು 377 ರೂಪಾಯಿ ಆಗುತ್ತದೆ. ನಿಮ್ಮ ದೀಪದ ಕೊಕ್ಕೆಗೆ 20 ಸೆಂ.ಮೀ. ಸರಳು ಸಾಕಾದರೆ ಒಂದು ಸರಳಿನಿಂದ ಮೂವತ್ತು ಕೊಕ್ಕೆಗಳಾಗುತ್ತವೆ. ಅಂದರೆ ಕೊಕ್ಕೆಯೊಂದಕ್ಕೆ ಹನ್ನೆರಡೂವರೆ ರೂಪಾಯಿಯ ಕಬ್ಬಿಣ. ನಿಮ್ಮಲ್ಲಿ ನಡೆಯುತ್ತಿರುವ ದರವನ್ನು ಇದೇ ಲೆಕ್ಕದಲ್ಲಿ ಕೂರಿಸಿ ನೋಡಿ, ಆಮೇಲೆ ಹಾರ್ಡ್‌ವೇರ್ ಅಂಗಡಿಯವರು ಮೂರು ಅಡಿಗೆ ಹೇಳಿದ ಬೆಲೆಯನ್ನು ಅದರ ಪಕ್ಕದಲ್ಲಿಡಿ.

ಈ ಲೆಕ್ಕ ತಿಳಿದಿರಬೇಕಾದ್ದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ಕಬ್ಬಿಣವನ್ನು ಕರಗಿಸಿ ಸರಳೆಳೆಯುವ ಸಣ್ಣ ಗಿರಣಿಗಳ ಮಾಲಿನಲ್ಲಿ 12 ಎಂದು ಹೇಳಿದ್ದು ಕ್ಯಾಲಿಪರ್ ಹಿಡಿದರೆ ಹನ್ನೊಂದೂವರೆ ಇರುವುದುಂಟು. ಅರ್ಧ ಮಿಲಿಮೀಟರ್ ತಾನೇ ಎನಿಸಬಹುದು, ಆದರೆ ತೂಕದಲ್ಲಿ ಅದು ಶೇ 8ರಷ್ಟು ಕಡಿಮೆ. ತಕ್ಕಡಿಯ ಮೇಲಿಟ್ಟು ಕೊಂಡರೆ ಇದರಿಂದ ನಿಮಗೇನೂ ನಷ್ಟವಿಲ್ಲ. 'ಒಂದು ಸರಳಿಗೆ ಇಷ್ಟು' ಎಂಬ ಮಾತಿಗೆ ಒಪ್ಪಿದರೆ ಮಾತ್ರ ಇಲ್ಲದ ಕಬ್ಬಿಣಕ್ಕೆ ದುಡ್ಡು ಕೊಟ್ಟಂತಾಗುತ್ತದೆ. ಆದ್ದರಿಂದ ತೂಗಿಸದೆ ಕೊಳ್ಳಬೇಡಿ.

ಇನ್ನು ಯಾವ ಗಾತ್ರ ಎಂಬ ವಿಚಾರ. ನನ್ನ ಅನುಭವದಲ್ಲಿ ಸಣ್ಣ ಕುಲುಮೆಯ ದುಡ್ಡು ಅತಿ ಹೆಚ್ಚು ಸೋರಿಹೋಗುವುದು ಇಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು 16 ಮಿ.ಮೀ. ದುಂಡು ಸರಳು ತಂದು ಅದನ್ನು 10 ಮಿ.ಮೀ. ಚೌಕಕ್ಕೆ ಬಡಿಯಲು ಕುಳಿತರೆ ಲೋಹದ ಅಡ್ಡಳತೆಯನ್ನು, ಅಂದರೆ ಸರಳನ್ನು ಅಡ್ಡ ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣವನ್ನು, ಅರ್ಧಕ್ಕೆ ಇಳಿಸಬೇಕಾಗುತ್ತದೆ. ಅದಕ್ಕೆ ಎಷ್ಟು ಸಲ ಕಾಯಿಸಬೇಕು, ಎಷ್ಟು ಇದ್ದಿಲು ಉರಿಯಬೇಕು, ಪ್ರತಿ ಸಲವೂ ಕಬ್ಬಿಣ ಬಡಿಯುವ ಅಡಿಗಲ್ಲಿನ ಸುತ್ತ ಎಷ್ಟು ಕಿಟ್ಟ ಉದುರುತ್ತದೆ ಎಂಬುದನ್ನು ನೀವೇ ನೋಡಿದ್ದೀರಿ. ಉದುರಿದ ಕಿಟ್ಟವೂ ನೀವು ತೂಕ ಹಾಕಿಸಿ ತಂದ ಕಬ್ಬಿಣವೇ. ಅದೇ 12 ಮಿ.ಮೀ. ದುಂಡನ್ನು 10ರ ಚೌಕ ಮಾಡುವುದಾದರೆ 113 ಚದರ ಮಿ.ಮೀ. ಅಡ್ಡಳತೆ 100ಕ್ಕೆ ಇಳಿದರೆ ಸಾಕು, ಕೆಲಸ ಬೇಗ ಮುಗಿಯುತ್ತದೆ. ಅದಕ್ಕಿಂತ ಮೇಲೆಂದರೆ 10 ಮತ್ತು 12ರ ಚೌಕ ಸರಳನ್ನೇ ಕೊಳ್ಳುವುದು. ನಮ್ಮ ಕಿಟಕಿಗಳ ಗ್ರಿಲ್‌ಗೆ ಅವೇ ಬಳಕೆಯಾಗುವುದರಿಂದ ಆ ಎರಡು ಗಾತ್ರಗಳು ಸುಲಭವಾಗಿ ಸಿಗುತ್ತವೆ. ಗೂಟದ ಚೂಪಿಗೆ ಎಷ್ಟು ಉದ್ದ ಬೇಕೆಂಬುದಕ್ಕೂ ಒಂದು ಲೆಕ್ಕವಿದೆ. ನಾಲ್ಕೂ ಬದಿಯಿಂದ ಸಮನಾಗಿ ತುದಿ ಪೂರ್ತಿ ಮೊನೆಯಾಗುವವರೆಗೆ ಬಡಿದರೆ 5 ಸೆಂ.ಮೀ. ಸರಳು 15 ಸೆಂ.ಮೀ. ಚೂಪಾಗುತ್ತದೆ. ಇದನ್ನು ತಿಳಿಯದೆ ಉದ್ದಕ್ಕೆ ಕತ್ತರಿಸಿ, ಕೊನೆಯಲ್ಲಿ ಮಿಕ್ಕಿದ್ದನ್ನು ಮೂಲೆಗೆ ಎಸೆಯುವ ಅಭ್ಯಾಸ ನನಗೂ ಬಹಳ ಕಾಲ ಇತ್ತು.

ನಿಮ್ಮ ಕೆಲಸಕ್ಕೆ ಹೊಸ ಸರಳಿಗಿಂತಲೂ ಅಗ್ಗದ ದಾರಿಯೊಂದಿದೆ. ನಿಮ್ಮ ಪೇಟೆಯ ಗ್ರಿಲ್ ಮತ್ತು ಗೇಟು ಮಾಡುವ ವೆಲ್ಡಿಂಗ್ ಅಂಗಡಿಯ ಹಿಂಭಾಗಕ್ಕೆ ಹೋಗಿ ನೋಡಿ. ಅವರಿಗೆ ನಾಲ್ಕು ಅಡಿಯ ಸರಳು ಬೇಕು. ಅದನ್ನು ಕತ್ತರಿಸಿದ ಮೇಲೆ ಉಳಿಯುವ ಒಂದು ಅಡಿ, ಒಂದೂವರೆ ಅಡಿ ಅವರ ಪಾಲಿಗೆ ಕಸ. ಆ ತುಂಡು ಗುಜರಿಯವರ ಚೀಲಕ್ಕೆ ಬಿದ್ದು, ಅಲ್ಲಿ ಹತ್ತು ಬಗೆಯ ಕಬ್ಬಿಣದ ಜೊತೆ ಬೆರೆತು ತನ್ನ ಗುರುತು ಕಳೆದುಕೊಳ್ಳುತ್ತದೆ. ಗುಜರಿಯವರು ಕೊಡುವುದಕ್ಕಿಂತ ಕಿಲೋಗೆ ಎರಡು ಮೂರು ರೂಪಾಯಿ ಹೆಚ್ಚು ಕೊಡುತ್ತೇನೆ, ನನಗಾಗಿ ಒಂದು ಡಬ್ಬಿಯಲ್ಲಿ ಎತ್ತಿಡಿ ಎಂದು ಕೇಳಿದರೆ ಬೇಡವೆನ್ನುವವರು ಅಪರೂಪ. ನಿಮ್ಮ ಕೊಂಡಿಗೂ ಕೊಕ್ಕೆಗೂ ಒಂದಡಿಯ ತುಂಡು ಧಾರಾಳವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾವ ಕಬ್ಬಿಣ ಎಂಬುದು ನಿಮಗೆ ಗೊತ್ತಿರುತ್ತದೆ. ಅವರು ಮಾಲು ತರಿಸುವ ದಿನ ತಿಳಿದುಕೊಂಡು, ನಿಮಗೆ ಬೇಕಾದ ಹತ್ತು ಸರಳನ್ನೂ ಅದೇ ಲೋಡಿನಲ್ಲಿ ಸೇರಿಸಲು ಹೇಳಿದರೆ ಸಾಗಣೆಯ ಖರ್ಚೂ ಹಂಚಿಹೋಗುತ್ತದೆ. ಹಳೆಯ ಎತ್ತಿನ ಗಾಡಿಯ ಚಕ್ರದ ಪಟ್ಟಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ; ಅದು ಸಾಮಾನ್ಯವಾಗಿ ಮೆದು ಕಬ್ಬಿಣ, ಚಿಲಕದ ಪಟ್ಟಿಗೆ ಹೇಳಿ ಮಾಡಿಸಿದಂತಿರುತ್ತದೆ.

ಲೇತ್ ಅಂಗಡಿಯ ಹೊಳೆಯುವ ತುಂಡುಗಳ ಬಗ್ಗೆ ಮಾತ್ರ ಎಚ್ಚರಿಕೆ ಕೊಡಲೇಬೇಕು. ಹಲವು ವರ್ಷಗಳ ಹಿಂದೆ ನಾನು ಅಂತಹ ಒಂದು ಬುಟ್ಟಿ ತುಂಡುಗಳನ್ನು ಬಹಳ ಅಗ್ಗವಾಗಿ ಕೊಂಡು ತಂದೆ. ಮೈ ಕನ್ನಡಿಯಂತೆ ನುಣುಪು, ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚೆನ್ನಾಗಿ ಕಾಯಿಸಿ ಮೊದಲ ಕೊಕ್ಕೆಯನ್ನು ಅಡಿಗಲ್ಲಿನ ಕೊಂಬಿಗೆ ಬಗ್ಗಿಸುತ್ತಿದ್ದಂತೆ, ಬಾಗಿದ ಕಡೆಯಲ್ಲಿ ಸರಳು ಜಗಿದ ಕಬ್ಬಿನ ಸಿಪ್ಪೆಯ ಹಾಗೆ ಎಳೆ ಎಳೆಯಾಗಿ ಸೀಳಿಕೊಂಡಿತು. ನನ್ನ ಕೈತಪ್ಪೆಂದು ಭಾವಿಸಿ ಇನ್ನಷ್ಟು ಕಾಯಿಸಿದೆ. ಎರಡನೆಯದೂ ಮೂರನೆಯದೂ ಹಾಗೆಯೇ ಆದವು. ಲೇತಿನಲ್ಲಿ ಸುಲಭವಾಗಿ ಕಡಿಯಲೆಂದೇ ಗಂಧಕವನ್ನು, ಕೆಲವು ಬಗೆಗಳಲ್ಲಿ ಸೀಸವನ್ನೂ, ಬೆರೆಸಿ ತಯಾರಿಸುವ ಉಕ್ಕೊಂದಿದೆ. ಅಂಗಡಿಯವರು ಅದನ್ನು ಇಎನ್1ಎ ಎನ್ನುತ್ತಾರೆ. ಇಂಗಾಲದ ದೃಷ್ಟಿಯಿಂದ ಅದು ಮೆದು ಉಕ್ಕೇ ಆದರೂ, ಆ ಗಂಧಕ ಸರಳಿನ ಉದ್ದಕ್ಕೂ ಎಳೆಗಳಾಗಿ ಹರಡಿರುವುದರಿಂದ ಬೆಂಕಿಯಲ್ಲಿ ಕಾದಾಗ ಸುತ್ತಿಗೆಯ ಏಟನ್ನು ತಾಳುವುದಿಲ್ಲ. ಸೀಸದ ಹೊಗೆಯಂತೂ ಉಸಿರಿಗೆ ವಿಷ. ಕುಲುಮೆಗೆ ಕಪ್ಪು ಮೈಯ ಸರಳೇ ಸರಿ, ಅದರ ಬೆಲೆಯೂ ಕಡಿಮೆ. ಹಾಗೆಯೇ ಸತುವಿನ ಲೇಪವಿರುವ ಜಿಐ ಪೈಪು, ಜಿಐ ಪಟ್ಟಿಗಳನ್ನು ಬಿಟ್ಟಿ ಕೊಟ್ಟರೂ ಬೆಂಕಿಗೆ ಇಡಬೇಡಿ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಕುಲುಮೆಯ ಬೆಂಕಿ ಅದಕ್ಕಿಂತ ಹೆಚ್ಚು ಬಿಸಿ. ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಹಿಡಿಯುತ್ತದೆ.

ನೀವು ಕೇಳಿದ ಟಿಎಂಟಿ ಸರಳನ್ನು ಗಿರಣಿಯಲ್ಲಿ ಕೆಂಪಗಿರುವಾಗಲೇ ನೀರು ಚಿಮ್ಮಿಸಿ ಹೊರಮೈ ಗಟ್ಟಿಯಾಗುವಂತೆ ಮಾಡಿರುತ್ತಾರೆ. ಕಟ್ಟಡದ ಕಾಂಕ್ರೀಟಿನಲ್ಲಿ ಅದರ ಹೆಚ್ಚುವರಿ ಬಲ ಆ ಕವಚದಿಂದ ಬರುತ್ತದೆ. ನೀವು ಕುಲುಮೆಯಲ್ಲಿ ಕಾಯಿಸಿದೊಡನೆ ಆ ಬಲ ಹೋಗುತ್ತದೆ. ಉಳಿಯುವುದು ಸಾಧಾರಣ ಉಕ್ಕು, ಆದರೆ ಒಂದೇ ಸಮನಾದದ್ದಲ್ಲ. ಟಿಎಂಟಿಯ ಫೆ 500 ದರ್ಜೆಗೆ ಐಎಸ್ 1786 ಮಾನದಂಡ ಶೇ 0.30ರವರೆಗೆ ಇಂಗಾಲವನ್ನು ಒಪ್ಪುತ್ತದೆ. ಎಂಎಸ್ ಸರಳಿನ ಐಎಸ್ 2062 ಮಾನದಂಡದ ಇ250 ದರ್ಜೆಯಲ್ಲಿ ಅದು ಶೇ 0.23ನ್ನು ಮೀರುವಂತಿಲ್ಲ. ಹೆಚ್ಚು ತೊಂದರೆ ಕೊಡುವುದು ಮೈಮೇಲಿನ ಏಣುಗಳು. ಅವುಗಳನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆಯದೆ ಬಡಿದರೆ ಮಡಿಚಿಕೊಂಡು ಒಳಗೆ ಸೇರಿ, ಕೊನೆಗೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಬೆಂಕಿ ಕೆದಕುವ ಕೋಲು, ಬೇಲಿಯ ಗೂಟ ಇಂತಹವಕ್ಕೆ ಧಾರಾಳವಾಗಿ ಬಳಸಿ. ಗಿರಾಕಿಯ ಬಾಗಿಲಿನ ಮೇಲೆ ಕೂರುವ ಚಿಲಕಕ್ಕೆ ಮಾತ್ರ ಬೇಡ.

ಸಾಗಿಸುವಾಗ 6 ಮೀಟರಿನ ಸರಳನ್ನು ಅಂಗಡಿಯಲ್ಲೇ ಕತ್ತರಿಸಿಕೊಳ್ಳಬೇಕಾಗುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ನಿಮ್ಮ ಕೆಲಸದ ಅಳತೆ ನೋಡಿ ಹೇಳಿ. 20 ಸೆಂ.ಮೀ. ಕೊಕ್ಕೆಗಾದರೆ 2 ಮೀಟರಿನ ಮೂರು ತುಂಡುಗಳು ಸರಿಹೊಂದುತ್ತವೆ.

ಪ್ರಶ್ನೆ: ಗುಜರಿಯಲ್ಲಿ ಸಿಕ್ಕ ಸರಳು ಮೆದುವೋ ಗಟ್ಟಿಯೋ ಎಂಬುದನ್ನು ಪ್ರಯೋಗಾಲಯಕ್ಕೆ ಕಳುಹಿಸದೆ ತಿಳಿಯಬಹುದೇ?
– ಓದುಗರು, ಬೆಳಗಾವಿ

ಉತ್ತರ: ತಿಳಿಯಬಹುದು, ಮತ್ತು ಬೆಲೆ ಕೊಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಗ್ರೈಂಡರಿಗೆ ಹಿಡಿದಾಗ ಮೆದು ಉಕ್ಕಿನ ಕಿಡಿಗಳು ಉದ್ದವಾದ, ಒಣಹುಲ್ಲಿನ ಬಣ್ಣದ ಗೆರೆಗಳಾಗಿ ಹಾರುತ್ತವೆ, ಕವಲೊಡೆಯುವುದು ಕಡಿಮೆ. ಇಂಗಾಲ ಹೆಚ್ಚಿದಂತೆ ಕಿಡಿಗಳು ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಒಡೆದು ನಕ್ಷತ್ರಗಳಾಗುತ್ತವೆ. ಗುರುತು ತಿಳಿದ ಒಂದು ಎಂಎಸ್ ತುಂಡನ್ನೂ ಇಂಗಾಲ ಹೆಚ್ಚಿರುವ ಒಂದು ಹಳೆಯ ಅರವನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಮೂರನ್ನೂ ಒಂದಾದ ಮೇಲೊಂದರಂತೆ ಹಿಡಿದು ನೋಡಿದರೆ ಕಣ್ಣಿಗೆ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ನೆರಳಿನಲ್ಲಿ ನೋಡಬೇಕು, ಬಿಸಿಲಿನಲ್ಲಿ ಕಿಡಿಯ ಕವಲು ಕಾಣುವುದಿಲ್ಲ.

ಮನೆಗೆ ತಂದ ಮೇಲೆ ಇನ್ನೂ ಖಚಿತವಾದ ಪರೀಕ್ಷೆ ಮಾಡಬಹುದು. ಒಂದು ಗೇಣು ತುಂಡನ್ನು ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ, ಅದಕ್ಕಿಂತ ಸ್ವಲ್ಪ ಹೆಚ್ಚಿಗೆ, ಕಾಯಿಸಿ ನೀರಿಗೆ ಅದ್ದಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ಕನ್ನಡಕ ಹಾಕಿಕೊಂಡು, ಪಕ್ಕಕ್ಕೆ ನಿಂತು ಸುತ್ತಿಗೆಯಿಂದ ಹೊಡೆಯಿರಿ. ಬಾಗಿದರೆ ನಿಮ್ಮ ಕೊಂಡಿ, ಕೊಕ್ಕೆಗಳಿಗೆ ಅದು ಆಗುತ್ತದೆ. ಗಾಜಿನಂತೆ ಮುರಿದರೆ ಅದನ್ನು ಎಸೆಯದೆ ಉಳಿ, ಕುಡುಗೋಲುಗಳಿಗೆಂದು ಬೇರೆ ಗೂಡಿನಲ್ಲಿಡಿ. ಪರೀಕ್ಷೆಯಾದ ಸರಳಿನ ತುದಿಗೆ ಬಣ್ಣ ಹಚ್ಚಿ. ನಾನು ಮೆದುವಿಗೆ ಬಿಳಿ, ಗಟ್ಟಿಗೆ ಕೆಂಪು ಹಚ್ಚುತ್ತೇನೆ. ಕತ್ತರಿಸುವಾಗ ಬಣ್ಣವಿಲ್ಲದ ತುದಿಯಿಂದಲೇ ಶುರುಮಾಡಿದರೆ ಕೊನೆಯ ತುಂಡಿನವರೆಗೂ ಗುರುತು ಉಳಿಯುತ್ತದೆ.

ಪ್ರಶ್ನೆ: ಎಂಎಸ್ ಪಟ್ಟಿ ಅಗ್ಗವಾಗಿರುವಾಗ ಮಚ್ಚನ್ನೂ ಅದರಲ್ಲೇ ಮಾಡಿ ಹದ ಹಾಕಬಾರದೇಕೆ?
– ಓದುಗರು, ಶಿರಸಿ

ಉತ್ತರ: ಹದ ನಿಲ್ಲಲು ಇಂಗಾಲ ಬೇಕು, ಎಂಎಸ್‌ನಲ್ಲಿ ಅದು ಸಾಲದು. ಎಷ್ಟು ಸಲ ಕಾಯಿಸಿ ನೀರಿಗೆ ಹಾಕಿದರೂ ಅಡಕೆ ಮರದ ಸೋಗೆ ಕಡಿಯುವಾಗ ಬಾಯಿ ಮಡಿಚಿಕೊಳ್ಳುತ್ತದೆ. ಲಾರಿಯ ಕಮಾನು ಪಟ್ಟಿಯಲ್ಲಿ ಶೇ 0.5ರಿಂದ 0.6ರಷ್ಟು ಇಂಗಾಲ ಇರುವುದರಿಂದಲೇ ಊರಿನ ಕಮ್ಮಾರರು ಮಚ್ಚಿಗೆ ಅದನ್ನು ಆರಿಸಿಕೊಂಡು ಬಂದಿದ್ದಾರೆ. ಕೊಳ್ಳುವಾಗ ಪಟ್ಟಿಯನ್ನು ಉಜ್ಜಿ, ಬೋಲ್ಟಿನ ತೂತಿನ ಸುತ್ತ ಮತ್ತು ಅಂಚುಗಳಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ನೋಡಿ. ಸಾವಿರಾರು ಸಲ ಬಾಗಿ ನೆಟ್ಟಗಾದ ಪಟ್ಟಿಯಲ್ಲಿ ಅಂತಹ ಬಿರುಕು ಇರುವುದುಂಟು. ಎಂಎಸ್ ಪಟ್ಟಿಯನ್ನು ಮಚ್ಚಿನ ಹಿಡಿಯ ಬಳೆಗೆ ಬಳಸಿ.